ಉತ್ತರ: ಬರೋ 2019ಆ, ಸ್ಯಾಂಡರ್ಸ್ 1988ಆ?

ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ (ಸಾಕರ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವ ಆಟಗಾರ ಜೋ ಬರೋ ಅವರ 2019ಕ್ಕಿಂತ ದೊಡ್ಡ ಸೀಸನ್ ಇದೆಯಾ ಅಂತ ಕೇಳಿದ್ದೀರಿ. ಇದೆ ಸರ್, ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರ) ಬ್ಯಾರಿ ಸ್ಯಾಂಡರ್ಸ್, 1988.

ಬರೋ ಸಾಮಾನ್ಯರಲ್ಲ. 60 ಟಚ್‌ಡೌನ್ ಪಾಸ್ (ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ತಂದ ಎಸೆತ), ಅವರ ತಂಡ ಎಲ್‌ಎಸ್‌ಯುಗೆ (ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯ) 15ಕ್ಕೆ 15 ಗೆಲುವು, ರಾಷ್ಟ್ರೀಯ ಚಾಂಪಿಯನ್ ಪಟ್ಟ. ಆದರೆ ಆ 60ರ ದಾಖಲೆಯನ್ನು 2021ರಲ್ಲೇ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಬೈಲಿ ಝಾಪಿ 62 ಹೊಡೆದು ಮುರಿದರು.

ಸ್ಯಾಂಡರ್ಸ್ ಹಿಂದಿನ ವರ್ಷದವರೆಗೂ ತಮ್ಮದೇ ತಂಡದ ಥರ್ಮನ್ ಥಾಮಸ್‌ಗೆ ಬದಲಿ ಆಟಗಾರ. ಅವಕಾಶ ಸಿಕ್ಕಿದ್ದೇ ತಡ, 11 ಪಂದ್ಯಗಳಲ್ಲಿ ಚೆಂಡು ಹಿಡಿದು 2,628 ಯಾರ್ಡ್ ಓಡಿಬಿಟ್ಟರು. ನಾಲ್ಕು ಪಂದ್ಯಗಳಲ್ಲಿ 300 ಯಾರ್ಡ್ ದಾಟಿದರು. ಟೋಕಿಯೊದಲ್ಲಿ ಟೆಕ್ಸಾಸ್ ಟೆಕ್ ವಿರುದ್ಧವೇ 332! ಅದರ ಮೇಲೆ ಸೀಸನ್ ಮುಗಿದ ಮೇಲಿನ ವಿಶೇಷ ಪಂದ್ಯವಾದ ಹಾಲಿಡೇ ಬೌಲ್‌ನಲ್ಲಿ ವಯೋಮಿಂಗ್ ಎದುರು 222 ಯಾರ್ಡ್, ಐದು ಟಚ್‌ಡೌನ್. ಆಗಿನ ನಿಯಮದಂತೆ ಬೌಲ್ ಪಂದ್ಯದ ಅಂಕಿಗಳು ಸೀಸನ್ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಇದು ದೊಡ್ಡ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

2024ರಲ್ಲಿ ಬಾಯ್ಸಿ ಸ್ಟೇಟ್‌ನ ರನ್ನಿಂಗ್ ಬ್ಯಾಕ್ ಆಷ್ಟನ್ ಜೆಂಟಿ ಬೌಲ್ ಪಂದ್ಯವೂ ಸೇರಿ 14 ಪಂದ್ಯ ಆಡಿದರು. ಆದರೂ 2,601 ಯಾರ್ಡ್‌ಗೆ ನಿಂತರು, ಸ್ಯಾಂಡರ್ಸ್‌ಗಿಂತ 27 ಯಾರ್ಡ್ ಕಡಿಮೆ. ಮೂರು ಪಂದ್ಯ ಹೆಚ್ಚು ಸಿಕ್ಕವರಿಗೂ ಎಟುಕದ ದಾಖಲೆ ಅದು. ತಂಡದ ಗೆಲುವನ್ನೇ ಅಳತೆಗೋಲು ಮಾಡಿದರೆ ಬರೋ ಸರಿ. ಒಬ್ಬ ಆಟಗಾರನ ಸೀಸನ್ ಅಂದರೆ ನನ್ನ ಮತ ಸ್ಯಾಂಡರ್ಸ್‌ಗೇ.