ಕೇಳಿದ್ದು ಒಂದೇ ಕುರ್ಚಿ

(ಹೋದ ಸಂಚಿಕೆಯ ಹಳೆಯ ಆಟಗಳ ಅಂಕಣದಲ್ಲಿ ‘ಇಸಿಡಬ್ಲ್ಯು ಹಾರ್ಡ್‌ಕೋರ್ ರೆವಲ್ಯೂಷನ್’ ಎಂಬ ಕುಸ್ತಿ ವಿಡಿಯೊ ಗೇಮನ್ನು ‘ಹುರುಳಿಲ್ಲದ ಆಟ, ಅವಸರದ ಅಡುಗೆ’ ಎಂದು ಬರೆದಿದ್ದೆವು. ಹಾಸನದ ಓದುಗರೊಬ್ಬರಿಗೆ ಸಿಟ್ಟು ಬಂದಿದೆ. “ರಕ್ತ, ಬೈಗುಳ, ಆಯುಧ ಎಲ್ಲವೂ ಇರುವ ಆಟವನ್ನು ತಳ್ಳಿಹಾಕಿ, ‘ನೋ ಮರ್ಸಿ’ ಎಂಬ ನಯವಾದ ಇನ್ನೊಂದು ಕುಸ್ತಿ ಗೇಮನ್ನು ಹೊಗಳುತ್ತೀರಲ್ಲ, ಹಾರ್ಡ್‌ಕೋರ್ ಎಂದರೆ ನಿಮಗೆ ಗೊತ್ತಿದೆಯೆ?” ಎಂಬುದು ಅವರ ಪ್ರಶ್ನೆ. ಜೊತೆಗೆ ನಮ್ಮದೊಂದು ತಪ್ಪನ್ನೂ ಹಿಡಿದಿದ್ದಾರೆ.)

ಮೊದಲು ತಪ್ಪಿನ ವಿಷಯ. ಆಟ ಪ್ಲೇಸ್ಟೇಷನ್ ಎಂಬ ಗೇಮ್ ಯಂತ್ರಕ್ಕೆ ಮಾತ್ರ ಬಂದಿತ್ತು ಎಂದು ಬರೆದದ್ದು ನಮ್ಮ ಅಜಾಗ್ರತೆ. 2000ದಲ್ಲಿ ಅದು ನಿಂಟೆಂಡೊ 64, ಡ್ರೀಮ್‌ಕಾಸ್ಟ್‌ಗಳಿಗೂ ಬಂತು, ಅಂಗೈಯಗಲದ ಗೇಮ್ ಬಾಯ್ ಕಲರ್‌ಗೂ ಬಂತು. ಒಪ್ಪಿಕೊಂಡೆವು. ಉಳಿದದ್ದನ್ನು ಒಪ್ಪಲಾರೆ.

ಆಟ ಹುಟ್ಟಿದ ಸಂದರ್ಭವನ್ನು ನೆನಪಿಸಿಕೊಳ್ಳಿ. ಅಕ್ಲೇಮ್ ಎಂಬ ಗೇಮ್ ಕಂಪನಿ 1998ರಲ್ಲಿ ‘ವಾರ್ ಝೋನ್’, 1999ರಲ್ಲಿ ‘ಆಟಿಟ್ಯೂಡ್’ ಎಂಬ ಆಟಗಳನ್ನು ಡಬ್ಲ್ಯುಡಬ್ಲ್ಯುಎಫ್ (ಇಂದಿನ ಡಬ್ಲ್ಯುಡಬ್ಲ್ಯುಇ) ಎಂಬ ಅಮೆರಿಕದ ಕುಸ್ತಿ ಕಂಪನಿಯ ಹೆಸರಿನಲ್ಲಿ ತಂದಿತ್ತು. ಅಷ್ಟರಲ್ಲಿ ಆ ಹೆಸರು ಬಳಸುವ ಪರವಾನಗಿ ಟಿಎಚ್‌ಕ್ಯು ಎಂಬ ಇನ್ನೊಂದು ಗೇಮ್ ಕಂಪನಿಯ ಪಾಲಾಯಿತು. ಅಕ್ಲೇಮ್ ಕೈಯಲ್ಲಿ ಗೇಮನ್ನು ಓಡಿಸುವ ತಂತ್ರಾಂಶವಿತ್ತು, ಜಟ್ಟಿಗಳಿರಲಿಲ್ಲ. ಫಿಲಡೆಲ್ಫಿಯಾದ ಇಸಿಡಬ್ಲ್ಯು ಎಂಬ ಕುಸ್ತಿ ಕಂಪನಿಯ ಜೊತೆ ಕೈಕುಲುಕಿ, ‘ಆಟಿಟ್ಯೂಡ್’ನ ಅದೇ ಮೈಗೆ ರಾಬ್ ವ್ಯಾನ್ ಡ್ಯಾಮ್, ಸಬು, ಟಾಮಿ ಡ್ರೀಮರ್‌ರ ಮುಖಗಳನ್ನು ಅಂಟಿಸಿತು. ಆ ಮುಖಗಳಲ್ಲೊಂದಾದ ಟ್ಯಾಝ್ ಆಟ ಅಂಗಡಿಗೆ ಬರುವ ಮೊದಲೇ, 2000ದ ಜನವರಿಯಲ್ಲಿ, ಡಬ್ಲ್ಯುಡಬ್ಲ್ಯುಎಫ್‌ನ ರಿಂಗಿನಲ್ಲಿ ಕಾಣಿಸಿಕೊಂಡಿದ್ದ. ಅವಸರದ ಅಡುಗೆ ಎಂದದ್ದು ಅದಕ್ಕೇ.

ಇನ್ನು ಹಾರ್ಡ್‌ಕೋರ್ ಎಂದರೇನು ಎಂಬ ಸವಾಲು. ಕಟ್ಟುಪಾಡಿಲ್ಲದ, ಕೈಗೆ ಸಿಕ್ಕಿದ್ದೇ ಆಯುಧವಾಗುವ ಕುಸ್ತಿಗೆ ಆ ಹೆಸರು. ಇಸಿಡಬ್ಲ್ಯುವಿನ ಮನೆಯಂಗಳ ದಕ್ಷಿಣ ಫಿಲಡೆಲ್ಫಿಯಾದ ಒಂದು ಬಿಂಗೊ ಹಾಲ್. ರಿಂಗಿಗೂ ಪ್ರೇಕ್ಷಕರಿಗೂ ನಡುವೆ ಹೆಚ್ಚು ಅಂತರವಿರಲಿಲ್ಲ, ಮರ್ಯಾದೆಯ ಅಂತರವಂತೂ ಇರಲೇ ಇಲ್ಲ. ಜನ ಮನೆಯಿಂದಲೇ ಬಾಣಲೆ, ತಟ್ಟೆಗಳನ್ನು ಹೊತ್ತು ತಂದು ತಮ್ಮ ನೆಚ್ಚಿನ ಪೈಲ್ವಾನನ ಕೈಗೆ ಕೊಡುತ್ತಿದ್ದರು. 1994ರ ಒಂದು ರಾತ್ರಿ ಟೆರ್ರಿ ಫಂಕ್ ಎಂಬ ಪೈಲ್ವಾನ ರಿಂಗಿನಿಂದ ಪ್ರೇಕ್ಷಕರತ್ತ ತಿರುಗಿ ಒಂದು ಕುರ್ಚಿ ಕೇಳಿದ. ಒಬ್ಬ ಎಸೆದ. ಅವನನ್ನು ಕಂಡು ಇನ್ನೊಬ್ಬ, ಆಮೇಲೆ ಇಡೀ ಹಾಲ್. ಕುರ್ಚಿಗಳ ಮಳೆ ನಿಲ್ಲಲೇ ಇಲ್ಲ. ಕೆಳಗೆ ಬಿದ್ದಿದ್ದ ‘ಪಬ್ಲಿಕ್ ಎನಿಮಿ’ ಎಂಬ ಎದುರಾಳಿ ಜೋಡಿ ಕುರ್ಚಿಗಳ ರಾಶಿಯಲ್ಲಿ ಹೂತುಹೋಯಿತು. ಅದು ಯಾರ ಯೋಜನೆಯೂ ಆಗಿರಲಿಲ್ಲ. ಆ ದೃಶ್ಯದಲ್ಲಿ ಭಯ ಹುಟ್ಟಿಸುವುದು ಕುರ್ಚಿಯಲ್ಲ, ಇನ್ನು ತಡೆಯುವವರು ಯಾರೂ ಇಲ್ಲ ಎಂಬ ಅರಿವು.

ಗೇಮಿನಲ್ಲಿ ಕುರ್ಚಿ ಇದೆ. ಅಲ್ಲಿನ ಜನ ಮಾತ್ರ ಬರೀ ಬಣ್ಣ ಬಳಿದ ಪರದೆ. ನೀವು ಹೇಳುವ ರಕ್ತವೂ ಆ ಪರದೆಯ ಬಣ್ಣವೇ.

ಪಟ್ಟುಗಳ ಮಾತಿಗೆ ಬರೋಣ, ನನ್ನ ನಿಜವಾದ ತಕರಾರು ಅಲ್ಲಿದೆ. ಅಕ್ಲೇಮ್‌ನ ಆಟದಲ್ಲಿ ಎದುರಾಳಿಯನ್ನು ಎತ್ತಿ ಒಗೆಯಬೇಕಾದರೆ ಎಡ, ಬಲ, ಮೇಲೆ ಎಂದು ಮಂತ್ರದಂತೆ ಒತ್ತಿ ಕೊನೆಗೊಂದು ಗುಂಡಿ ಅದುಮಬೇಕು. ಅದು ಗುದ್ದಾಟದ ಗೇಮುಗಳ ವ್ಯಾಕರಣ. ಕುಸ್ತಿಯಲ್ಲಿ ಮೊದಲು ಕೈ ಸಿಗಬೇಕು, ಆಮೇಲೆ ಪಟ್ಟು. ಯಾವ ಗರಡಿಯ ಹುಡುಗನನ್ನಾದರೂ ಕೇಳಿ. ಜಪಾನಿನ ಎಕೆಐ ಸಂಸ್ಥೆ ಟಿಎಚ್‌ಕ್ಯುಗಾಗಿ ಮಾಡಿದ ‘ನೋ ಮರ್ಸಿ’ಯಲ್ಲಿ ಇರುವುದು ಅದೇ. ಗುಂಡಿಯನ್ನು ತಟ್ಟಿದರೆ ಸಡಿಲ ಹಿಡಿತ, ಒತ್ತಿ ಹಿಡಿದರೆ ಬಿಗಿ ಹಿಡಿತ. ಹಿಡಿತ ಕೂಡಿದ ಮೇಲೆ ಯಾವ ಪಟ್ಟು ಎಂಬುದು ನಿಮ್ಮ ಆಯ್ಕೆ. ಒಂದೇ ಕಾಲಿಗೆ ಪದೇ ಪದೇ ಹೊಡೆದರೆ ಅವನು ಏಳುವಾಗ ಆ ಕಾಲನ್ನು ಹಿಡಿದುಕೊಳ್ಳುತ್ತಾನೆ. ಐದು ನಿಮಿಷದ ಹಿಂದೆ ನೀವು ಮಾಡಿದ್ದನ್ನು ಆ ದೇಹ ಮರೆಯುವುದಿಲ್ಲ. ಅಮೆರಿಕದ ವರ್ಗೀಕರಣ ಮಂಡಳಿ ಇದಕ್ಕೆ ಕೊಟ್ಟದ್ದು ಹದಿಹರೆಯದವರ ಮುದ್ರೆ, ನಿಮ್ಮ ಆಟಕ್ಕೆ 17 ತುಂಬಿದವರ ಮುದ್ರೆ. ಮುದ್ರೆ ನೋಡಿ ಹಾರ್ಡ್‌ಕೋರ್ ಅಳೆಯುವುದಾದರೆ ನೀವು ಗೆದ್ದಿರಿ.

‘ಬಾಲ್ಯದ ಪ್ರೀತಿಗೆ ಬೆಲೆಯಿಲ್ಲವೆ’ ಎಂದೂ ಕೇಳಿದ್ದೀರಿ. ಇದೆ, ಆದರೆ ಅದು ವಿಮರ್ಶೆಗೆ ಬರುವುದಿಲ್ಲ. ಡಬ್ಲ್ಯುಡಬ್ಲ್ಯುಎಫ್ ಚಿತ್ರಗಳ ಟ್ರಂಪ್ ಕಾರ್ಡುಗಳಿಗಾಗಿ ನಾನೂ ಶಾಲೆಯ ಕಾರಿಡಾರಿನಲ್ಲಿ ಜಗಳವಾಡಿದವನು. ಅವು ಒಳ್ಳೆಯ ಕಾರ್ಡುಗಳಾಗಿದ್ದವು ಎಂದು ಇಂದು ವಾದಿಸಲು ಹೋಗುವುದಿಲ್ಲ.

ಇಸಿಡಬ್ಲ್ಯು 2001ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು, 2004ರಲ್ಲಿ ಅಕ್ಲೇಮ್ ಸಹ. ಅದಕ್ಕೂ ಮೊದಲು, 2000ದಲ್ಲೇ, ‘ಅನಾರ್ಕಿ ರೂಲ್ಝ್’ ಎಂಬ ಎರಡನೆಯ ಆಟವೂ ಬಂತು. ಅದರ ಬಗ್ಗೆ ನೀವು ಕೇಳಿಲ್ಲ, ನಾನೂ ಹೇಳುವುದಿಲ್ಲ.

ಕೊನೆಯ ಪ್ರಶ್ನೆ, ನಿಂಟೆಂಡೊ 64ಕ್ಕೆ ಹಳೆಯ ‘ನೋ ಮರ್ಸಿ’ ಕೊಳ್ಳಬಹುದೆ ಎಂದು. ಕೊಳ್ಳಿ. ಆದರೆ ಮೊದಲು ಮಾರಾಟವಾದ ಕಾರ್ಟ್ರಿಜ್‌ಗಳಲ್ಲಿ ಉಳಿಸಿಟ್ಟ ಆಟ ತಾನಾಗಿಯೇ ಅಳಿಸಿಹೋಗುವ ದೋಷವಿತ್ತು. ಮಾರುವವರ ಮನೆಯಲ್ಲೇ ಒಂದಿಷ್ಟು ಆಡಿ, ಉಳಿಸಿ, ಚಹಾ ಕುಡಿದು, ಮತ್ತೆ ಹಾಕಿ ನೋಡಿ. ಒಮ್ಮೆ ನೋಡಿ ನಂಬಬೇಡಿ. ಎರಡು ಲೋಟ ಚಹಾ ಆದರೂ ಸರಿ.

— ಸಂಪಾದಕ