ಮೊದಲು ಆ ವಹಿಗಳನ್ನು ತಿಜೋರಿಯಿಂದ ಹೊರಗೆ ತನ್ನಿ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ನಾನು ಮೂರು ಸಲ ಓದಿದೆ. ಮೂರನೆಯ ಸಲ ಐದನೆಯ ಪುಟದ ಅರ್ಧ ಸಾಲೊಂದರ ಹತ್ತಿರ ಬಂದು ನಿಂತವಳು, ಮುಂದೆ ಓದಲಾರದೆ ಪತ್ರ ಮಡಿಚಿಟ್ಟೆ. ರಾತ್ರಿಯೆಲ್ಲ ಆ ಸಾಲೇ ಕಣ್ಣ ಮುಂದಿತ್ತು. ಉಳಿದವರ ಕ್ಷಮೆ ಕೇಳಿ, ಇಂದಿನ ಅಂಕಣವನ್ನು ಪೂರ್ತಿಯಾಗಿ ಆ ಒಬ್ಬ ತಂಗಿಗೆ ಮೀಸಲಿಡುತ್ತಿದ್ದೇನೆ.

ಅವರು ಬಾಗಲಕೋಟೆ ಜಿಲ್ಲೆಯ ಹಳೆಯ ದೇಸಗತಿ, ಅಂದರೆ ದೇಸಾಯಿಗಳ, ಮನೆತನದ ಸೊಸೆ. ವಯಸ್ಸು ಮೂವತ್ತೊಂದು, ಮದುವೆಯಾಗಿ ಆರು ವರ್ಷ. ಊರಿನವರು ಇಂದಿಗೂ ಆ ಮನೆಯನ್ನು ವಾಡೆ ಎಂದೇ ಕರೆಯುತ್ತಾರೆ, ಹಿರಿಯರನ್ನು ಧಣಿ ಎನ್ನುತ್ತಾರೆ. ಎರಡು ವರ್ಷಗಳ ಹಿಂದೆ ಇವರು ಒಂದು ಪ್ರೇಮ ಕಾದಂಬರಿ ಬರೆದರು. ತಿಕೋಟಾದ ದ್ರಾಕ್ಷಿ ಬೆಳೆಗಾರರೊಬ್ಬರ ಮಗಳು ಬೆಳಗಾವಿಯಲ್ಲಿ ಓದುವಾಗ ಸಂಸ್ಥಾನಿಕರ ಮನೆತನದ ಹುಡುಗನನ್ನು ಮೆಚ್ಚುತ್ತಾಳೆ, ಎರಡೂ ಮನೆಗಳ ಸಿಟ್ಟನ್ನು ಇಬ್ಬರೂ ಸೇರಿ ಎದುರಿಸುತ್ತಾರೆ, ಕೊನೆಯ ಪುಟದಲ್ಲಿ ಅಕ್ಕಿಕಾಳು ಬೀಳುತ್ತವೆ. ಪುಸ್ತಕ ಚೆನ್ನಾಗಿ ಹೋಯಿತು. ವಾಡೆಯ ಪಡಸಾಲೆಯಲ್ಲಿಯೇ ಸನ್ಮಾನವಾಯಿತು, ಮಾವನವರ ತಮ್ಮ ಅಂದರೆ ಮನೆಯ ಕಾಕಾ ಅವರೇ ಶಾಲು ಹೊದಿಸಿದರು. ಓದುಗರು ಮುಂದೇನಾಯಿತೆಂದು ಕೇಳಿದ್ದರಿಂದ ಪ್ರಕಾಶಕರು ಎರಡನೆಯ ಭಾಗವನ್ನು ಯುಗಾದಿಯೊಳಗೆ ಬೇಡಿದ್ದಾರೆ. ಆ ಭಾಗ ಮದುವೆಯ ಮರುದಿನ ಬೆಳಗಿನಿಂದ ಶುರುವಾಗುತ್ತದೆ. ಅಲ್ಲಿಂದಲೇ ಮನೆಯಲ್ಲಿ ಮನಸ್ತಾಪವೂ ಶುರುವಾಗಿದೆ.

ದೀಪಾವಳಿಗೆ ಪುಣೆಯಿಂದ ಬಂದಿದ್ದ ನಾದಿನಿ, ತಮ್ಮನ ಕೋಣೆಯಲ್ಲಿ, ಈ ತಂಗಿ ಎರಡನೆಯ ಭಾಗ ಬರೆಯುತ್ತಿದ್ದ ವಹಿಯನ್ನು ಕೇಳದೆ ತೆರೆದು, ಹನ್ನೊಂದು ಪುಟಗಳ ಫೋಟೊ ತೆಗೆದು, ಕೆಂಪು ಗೆರೆ ಹಾಕಿ, ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದರು. ಕಾಕಾ ಅವರು ಬರವಣಿಗೆ ನಿಲ್ಲಿಸಲು ಹೇಳಿದರು. ಬೆಳಗಾವಿಯಲ್ಲಿ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಊರಿಗೆ ಬರುವ ಪತಿ, “ಸ್ವಲ್ಪ ದಿನ ತಡಿ, ಎಲ್ಲಾ ತಣ್ಣಗಾಗ್ಲಿ” ಎಂದರು. ಈಗ ಈ ತಂಗಿ ನನ್ನನ್ನು ಮೂರು ಪ್ರಶ್ನೆ ಕೇಳಿದ್ದಾರೆ. ಬೇರೆ ಹೆಸರಿನಲ್ಲಿ ಪ್ರಕಟಿಸಲೇ? ಕಹಿ ಪ್ರಸಂಗಗಳನ್ನೆಲ್ಲ ತೆಗೆದು ಅರಮನೆಯನ್ನು ಸುಖದ ಮನೆಯಾಗಿ ತೋರಿಸಲೇ? ಅಥವಾ ಬರೆಯುವುದನ್ನೇ ಬಿಟ್ಟುಬಿಡಲೇ?

ಈ ಪ್ರಶ್ನೆಗಳಿಗೆ ಆರು ಪುಟ ತುಂಬಿಸಿದ ನೀವು, ನಡುವೆ ಎಲ್ಲಿಯೋ ಹೀಗೆ ಬರೆದಿದ್ದೀರಿ: “ಸದ್ಯಕ್ಕೆ ನಾಲ್ಕೂ ವಹಿಗಳು ಕಾಕಾ ಅವರ ತಿಜೋರಿಯಲ್ಲಿ ಜೋಪಾನವಾಗಿವೆ, ಕೀಲಿಕೈ ಅತ್ತೆಯವರ ಕಡೆ ಇರುತ್ತದೆ, ಅದೇನೂ ತೊಂದರೆಯಿಲ್ಲ.”

ತಂಗೀ, ತೊಂದರೆ ಇರುವುದೇ ಅಲ್ಲಿ. ಪ್ರಕಟಿಸಬೇಕೋ ಬೇಡವೋ, ತಿದ್ದಬೇಕೋ ಬೇಡವೋ ಎಂಬುದು ವಹಿ ಕೈಯಲ್ಲಿದ್ದವರು ಯೋಚಿಸುವ ವಿಷಯ. ನೀವು ಕೈಯಿಂದ ಬರೆಯುವವರು, ಎರಡನೆಯ ಪ್ರತಿ ಇಲ್ಲವೆಂದು ನೀವೇ ಹೇಳಿದ್ದೀರಿ. ಒಂದೂವರೆ ವರ್ಷ ನಸುಕಿನಲ್ಲಿ ಎದ್ದು, ಮನೆ ಏಳುವ ಮುಂಚೆ ಬರೆದದ್ದು ಇನ್ನೊಬ್ಬರ ಕಬ್ಬಿಣದ ಬಾಗಿಲ ಹಿಂದೆ ಇರುವಾಗ, ಹೆಸರು ಬದಲಿಸುವ ಮಾತನ್ನು ನಾವು ಯಾವುದರ ಬಗ್ಗೆ ಆಡುತ್ತಿದ್ದೇವೆ?

ಜೋಪಾನ ಎಂಬ ಶಬ್ದ ಕೇಳಿದರೆ ನನಗೆ ಭಯವಾಗುತ್ತದೆ. ನಮ್ಮವ್ವ ಬೀಸುಕಲ್ಲಿನ ಪದಗಳನ್ನು, ಸೋಬಾನೆಗಳನ್ನು ಕೆಂಪು ರಟ್ಟಿನ ಒಂದು ವಹಿಯಲ್ಲಿ ಬರೆದಿಟ್ಟಿದ್ದಳು. ಅರಿಶಿನದ ಕೈಯಿಂದ ಹಾಳೆ ತಿರುವುತ್ತಿದ್ದುದರಿಂದ ಪುಟಗಳ ಬಲಗಡೆಯ ಕೆಳಮೂಲೆಗಳೆಲ್ಲ ಹಳದಿಯಾಗಿದ್ದವು. ಮನೆಯ ಹಿರಿಯರೊಬ್ಬರು ಅಚ್ಚು ಹಾಕಿಸುತ್ತೇನೆ, ಅಲ್ಲಿಯವರೆಗೆ ನನ್ನ ಕಡೆ ಜೋಪಾನವಾಗಿರಲಿ ಎಂದು ಅದನ್ನು ಒಯ್ದರು. ಅವ್ವ ತಿರುಗಿ ಕೇಳಲಿಲ್ಲ, ಹಿರಿಯರನ್ನು ಹೇಗೆ ಕೇಳುವುದೆಂದು ಸುಮ್ಮನಾದಳು. ಹದಿನಾಲ್ಕು ವರ್ಷಗಳ ಮೇಲೆ ಅವಳ ದಿನಕರ್ಮದಂದು ಅವಳಿಗೆ ಇಷ್ಟವಾದ ಪದ ಹಾಡಲು ಕುಳಿತ ನಾವು ಮೂವರು ಹೆಣ್ಣುಮಕ್ಕಳು ಎರಡನೆಯ ನುಡಿಗೆ ನಿಂತುಬಿಟ್ಟೆವು, ಮೂರನೆಯದು ಯಾರಿಗೂ ಬರಲಿಲ್ಲ. ವಿಜಯಪುರದ ಸೀಮೆಯಲ್ಲಿ ಹಲಸಂಗಿಯ ಗೆಳೆಯರು ಹಳ್ಳಿಹಳ್ಳಿ ತಿರುಗಿ ಇಂಥ ಪದಗಳನ್ನು ಬರೆದುಕೊಳ್ಳದೇ ಇದ್ದಿದ್ದರೆ ಎಷ್ಟು ಗರತಿಯರ ಮಾತು ಹೀಗೆ ಮಣ್ಣಾಗುತ್ತಿತ್ತೋ ಎಂದು ಅಂದು ಅನ್ನಿಸಿತು. ಹೆಣ್ಣುಮಗಳು ಬರೆದದ್ದು ಅವಳ ಕೈಯಳತೆಯಲ್ಲಿಯೇ ಇರಬೇಕು ಎಂದು ಈ ಅಂಕಣದಲ್ಲಿ ಎಷ್ಟು ಸಲ ಹೇಳಿದರೂ ನನಗೆ ಬೇಸರವಾಗದಿರುವುದು ಅದಕ್ಕೇ.

ಇನ್ನು ಕಾಕಾ ಅವರ ಮಾತು. “ಮನ್ಯಾಗ ಕುಂತ ಬರದದ್ದು ಮನಿತನದ್ದು” ಎಂದು ಅವರು ಹೇಳಿದ್ದಾರೆ. ಹೊಲಕ್ಕೆ, ವಾಡೆಗೆ ಆ ಲೆಕ್ಕ ಇರಬಹುದು, ಬರವಣಿಗೆಗೆ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಕಾದಂಬರಿಯ ಮೊದಲ ಒಡೆತನ ಬರೆದವರದು. ಬದುಕಿರುವಷ್ಟು ಕಾಲ ಅದು ಅವರದು, ಅವರ ನಂತರವೂ 60 ವರ್ಷ ಅದರ ಹಕ್ಕು ಉಳಿಯುತ್ತದೆ, ನೋಂದಣಿ ಮಾಡಿಸಿಲ್ಲವೆಂದು ಅದು ಕಳೆದುಹೋಗುವುದಿಲ್ಲ. ಆದರೂ ನಾನು ಕಾಕಾ ಅವರನ್ನು ದೂರಲಾರೆ. ಎಂಬತ್ತು ವರ್ಷದ ಆ ಮನುಷ್ಯ ತಾನು ಕಂಡದ್ದೆಲ್ಲ ಕೈಬಿಟ್ಟು ಹೋಗುವುದನ್ನು ನೋಡುತ್ತ ಬೆಳೆದವರು. ಮುಧೋಳ, ಜಮಖಂಡಿ, ರಾಮದುರ್ಗದ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ, 1950ರ ಕಾಯ್ದೆ ದೇಸಾಯಿಗಳ ವಂಶಪಾರಂಪರ್ಯದ ಪರಗಣೆ ವತನಗಳನ್ನು ರದ್ದುಪಡಿಸಿದಾಗ ಅವರು ಚಿಕ್ಕ ಹುಡುಗ. 1971ರಲ್ಲಿ ರಾಜರ ಮಾನ್ಯತೆ, ರಾಜಧನ ಎರಡೂ ಹೋದವು. 1974ರ ಭೂಸುಧಾರಣೆ ಬಂದಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಕ್ಕಿಲ್ಲ, ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದ ರೈತರು ಅರ್ಜಿ ಕೊಟ್ಟು ಹೊಲಗಳನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಅದು ನ್ಯಾಯವೇ ಆಗಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅವರ ಪಾಲಿಗೆ ಉಳಿದದ್ದು ಊರಿನವರ ಬಾಯಲ್ಲಿನ ಧಣಿ ಎಂಬ ಮಾತು ಒಂದೇ. ಅದನ್ನೂ ಮನೆಯ ಸೊಸೆಯೇ ಕಸಿದುಕೊಳ್ಳುತ್ತಾಳೆ ಎಂದು ಅವರು ಹೆದರಿದ್ದಾರೆ.

ಹೆದರಿಕೆಗೆ ಒಂದು ಕಡೆ ಕಾರಣವನ್ನೂ ನೀವೇ ಒದಗಿಸಿದ್ದೀರಿ. ಹದಿಮೂರನೆಯ ಅಧ್ಯಾಯದ ವಾಟ್ನಿ ದಾವೆ, ಅಂದರೆ ಆಸ್ತಿ ಪಾಲಿನ ವ್ಯಾಜ್ಯ, ನಿಮ್ಮ ಮನೆಯದೇ, ಸರ್ವೆ ನಂಬರಿನ ಸಮೇತ ಹಾಗೇ ಬರೆದಿದ್ದೇನೆ ಎಂದು ಒಪ್ಪಿಕೊಂಡಿದ್ದೀರಿ. ಕೋರ್ಟಿನಲ್ಲಿ ಇನ್ನೂ ನಡೆಯುತ್ತಿರುವ, ಬದುಕಿರುವ ಜನರ ವ್ಯಾಜ್ಯವನ್ನು ಗುರುತು ಹತ್ತುವಂತೆ ಕಾದಂಬರಿಯಲ್ಲಿ ಇಡುವುದು ತಪ್ಪು, ಅದು ಬರಹಕ್ಕೂ ಒಳ್ಳೆಯದಲ್ಲ. ಆ ಅಧ್ಯಾಯವನ್ನು ತೆಗೆಯಿರಿ. ಅಷ್ಟರಮಟ್ಟಿಗೆ ಕಾಕಾ ಅವರ ಮಾತು ಸರಿ.

ಆದರೆ ಅವರ ದೊಡ್ಡ ಸಿಟ್ಟು ದಾವೆಯ ಮೇಲಿಲ್ಲ, ರೊಟ್ಟಿಯ ಮೇಲಿದೆ. ನೀವು ಕಳಿಸಿದ ಆ ಪ್ರಸಂಗ ನನ್ನ ಮುಂದಿದೆ. ಮದುವೆಯಾದ ಒಂಬತ್ತನೆಯ ದಿನ, ಮೂರು ಪಂಕ್ತಿ ಎದ್ದ ಮೇಲೆ, ನಿಮ್ಮ ನಾಯಕಿ ಅಡುಗೆಮನೆಯ ಒಲೆಯ ಮಗ್ಗುಲಲ್ಲಿ ಊಟಕ್ಕೆ ಕುಳಿತುಕೊಳ್ಳುತ್ತಾಳೆ. ಬುಟ್ಟಿಯ ತಳದಲ್ಲಿ ಅಂಚು ಬಿರುಸಾದ ಎರಡು ರೊಟ್ಟಿ ಉಳಿದಿವೆ, ಮಡಿಕೆಕಾಳಿನ ಪಲ್ಯದಲ್ಲಿ ಕಾಳು ಮುಗಿದು ಒಗ್ಗರಣೆಯ ಸಾಸಿವೆಯಷ್ಟೇ ಪಾತ್ರೆಗೆ ಅಂಟಿಕೊಂಡಿದೆ. ಅವಳು ರೊಟ್ಟಿಯ ಚೂರಿನಿಂದ ಆ ಸಾಸಿವೆಯನ್ನು ಬಳಿದು ತಿನ್ನುವಾಗ, ಪಡಸಾಲೆಯಲ್ಲಿ ಗಂಡ ಅವಳ ಬಗ್ಗೆ ಹೆಮ್ಮೆಯಿಂದ ಮಾತಾಡುತ್ತಿರುವುದು ಕಿವಿಗೆ ಬೀಳುತ್ತದೆ. ಇದನ್ನು ಓದಿ ಕಾಕಾ ಅವರು ಹೇಳಿದ್ದು: “ನಮ್ಮ ಮನ್ಯಾಗ ಸೊಸಿಗೆ ಆರಿದ ರೊಟ್ಟಿ ಹಾಕ್ತಾರಂತ ಊರಿಗೆಲ್ಲಾ ಗೊತ್ತಾಗಬೇಕೇನು?” ಅವರು ಇದು ಸುಳ್ಳು ಎನ್ನಲಿಲ್ಲ, ಗೊತ್ತಾಗಬಾರದು ಎಂದರು. ಇಷ್ಟು ಸತ್ಯವಾದ ಒಂದು ಪುಟ ಬರೆದವರು ಅದನ್ನು ಸಿಹಿ ಮಾಡುತ್ತೇನೆಂದು ಹೊರಟರೆ ನನಗೆ ಸಂಕಟವಾಗುತ್ತದೆ. ಗಂಡನಿಗೆ ಅವಳ ಮೇಲೆ ಪ್ರೀತಿಯಿದೆ, ಅವಳ ತಟ್ಟೆಯಲ್ಲಿ ರೊಟ್ಟಿ ಆರಿದೆ. ಇವೆರಡೂ ಒಂದೇ ಮನೆಯಲ್ಲಿ ಒಂದೇ ಹೊತ್ತಿನಲ್ಲಿ ಇರುತ್ತವೆ ಎಂಬುದನ್ನು ಮೊದಲನೆಯ ಭಾಗ ಹೇಳಲು ಸಾಧ್ಯವಿರಲಿಲ್ಲ, ಎರಡನೆಯದಕ್ಕೆ ಮಾತ್ರ ಅದು ಸಾಧ್ಯ. ವಾರಪತ್ರಿಕೆಗಳ ಧಾರಾವಾಹಿ ಓದುತ್ತ ಬೆಳೆದವಳು ನಾನು. ಪ್ರೇಮ ಕಾದಂಬರಿ ಹಗುರವಾದ ಬರವಣಿಗೆ ಎಂದು ಹೇಳುವವರ ಜೊತೆ ನಲವತ್ತು ವರ್ಷ ಜಗಳಾಡಿದ್ದೇನೆ. ಮದುವೆಯ ನಂತರವೂ ಪ್ರೀತಿಯನ್ನೇ ಬರೆಯಲು ಕುಳಿತವರ ಕೆಲಸ ಇನ್ನೂ ಕಷ್ಟದ್ದು.

ಅರಸು ಮನೆತನಕ್ಕೆ ಸೊಸೆಯಾಗಿ ಹೋದವರ ಮುಂದಿನ ಕಥೆ ಮನೆತನಕ್ಕೆ ಕಳಂಕವೆಂದು ಕಾಕಾ ಅವರು ಭಾವಿಸಿದ್ದರೆ, ಅವರು ನಮ್ಮ ಸೀಮೆಯ ರಾಣಿಯರನ್ನೇ ನೆನೆಯಲಿ. ಅಹ್ಮದ್‌ನಗರದ ಚಾಂದ್ ಬೀಬಿ ಸೋಲಾಪುರದ ಕೋಟೆಯನ್ನು ಬಳುವಳಿಯಾಗಿ ತಂದು ವಿಜಯಪುರದ ಒಂದನೆಯ ಅಲಿ ಆದಿಲ್‌ಶಾಹನ ಕೈ ಹಿಡಿದಳು. ಅವನು ಅವಳ ಹೆಸರಿನಲ್ಲಿ 1579ರಲ್ಲಿ ಕಟ್ಟಿಸಿದ ಚಾಂದ್ ಬಾವಡಿ ಎಂಬ ಬಾವಿ ಇನ್ನೂ ಇದೆ. ಆದರೆ ಅವಳು ಚರಿತ್ರೆಯಲ್ಲಿ ಉಳಿದದ್ದು ಮರುವರ್ಷ ಗಂಡ ಕೊಲೆಯಾದ ಮೇಲೆ, ಪಟ್ಟಕ್ಕೆ ಬಂದ ಒಂಬತ್ತು ವರ್ಷದ ಹುಡುಗ ಇಬ್ರಾಹಿಮನ ಪರವಾಗಿ ರಾಜ್ಯ ನಡೆಸಿದ್ದಕ್ಕೆ, ತನ್ನದೇ ದರಬಾರಿನವರು ಸಾತಾರಾ ಕೋಟೆಯಲ್ಲಿ ಬಂಧಿಸಿಟ್ಟರೂ ಕುಗ್ಗದೇ ಇದ್ದದ್ದಕ್ಕೆ. ಕಾಕತಿಯ ಮಗಳು ಚೆನ್ನಮ್ಮ ಕಿತ್ತೂರಿನ ಮಲ್ಲಸರ್ಜ ದೇಸಾಯಿಯ ಮನೆ ತುಂಬಿದಾಗ ಆ ಮನೆಯಲ್ಲಿ ಹಿರಿಯ ರಾಣಿ ರುದ್ರವ್ವ ಇದ್ದಳು. ಗಂಡ ತೀರಿಕೊಂಡ, ರುದ್ರವ್ವನ ಮಗನೂ ತೀರಿಕೊಂಡ, ದತ್ತಕವನ್ನು ಕಂಪನಿ ಸರಕಾರ ಒಪ್ಪಲಿಲ್ಲ, 1824ರ ಅಕ್ಟೋಬರ್‌ನಲ್ಲಿ ಕಂಪನಿಯ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಬಿದ್ದ, ಕೊನೆಗೆ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಅವಳ ಉಸಿರು ನಿಂತಿತು. ಪ್ರತಿ ಅಕ್ಟೋಬರ್‌ನಲ್ಲಿ ಕಿತ್ತೂರಿಗೆ ಹೋಗುವ ಜನ ಅವಳ ಮದುವೆಯ ಮೆರವಣಿಗೆಯನ್ನು ನೆನೆಯಲು ಹೋಗುವುದಿಲ್ಲ. ಈ ಇಬ್ಬರ ಎರಡನೆಯ ಭಾಗವನ್ನು ಯಾರಾದರೂ ಕಪಾಟಿನಲ್ಲಿಟ್ಟಿದ್ದರೆ ನಮಗೆ ಉಳಿಯುತ್ತಿದ್ದುದು ಎರಡು ಮದುವೆಯ ಸುದ್ದಿ ಮಾತ್ರ.

ನಾದಿನಿಯ ಬಗ್ಗೆ ನೀವು ಒಂದೂ ಕೆಟ್ಟ ಮಾತು ಬರೆದಿಲ್ಲ, “ಅಕ್ಕನಿಗೆ ಮನೆಯ ಮೇಲೆ ಅಭಿಮಾನ” ಎಂದಿದ್ದೀರಿ. ನಾನು ಅಷ್ಟು ಉದಾರಿಯಾಗಲಾರೆ. ಇಷ್ಟೆಲ್ಲ ಆದದ್ದು ಅವರಿಂದ. ತಮ್ಮನ ಕೋಣೆಗೆ ಹೋಗಿ ತಮ್ಮನ ಹೆಂಡತಿಯ ವಹಿಯನ್ನು ತೆರೆದವರು, ಓದಿದ ಮೇಲೆ ಬಂದು ನಿಮ್ಮ ಎದುರು ಕುಳಿತು ಎರಡು ಮಾತು ಕೇಳಬಹುದಿತ್ತು. ವರ್ಷಕ್ಕೆ ಎರಡು ಸಲ ಹಬ್ಬಕ್ಕೆ ಬಂದು ಮೊದಲ ಪಂಕ್ತಿಯಲ್ಲಿ ಬಿಸಿ ರೊಟ್ಟಿ ಉಣ್ಣುವವರಿಗೆ ಮೂರನೆಯ ಪಂಕ್ತಿಯ ನಂತರ ಅಡುಗೆಮನೆಯಲ್ಲಿ ಏನು ಉಳಿಯುತ್ತದೆ ಎಂಬುದು ಗೊತ್ತಿರಬೇಕಿತ್ತು, ಅವರೂ ಒಂದು ಮನೆಯ ಸೊಸೆಯೇ. ಪತಿಯ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ತಣ್ಣಗಾಗುವವರೆಗೆ ತಡೆಯಿರಿ ಎಂಬುದು ಬೆಳಗಾವಿಯಲ್ಲಿ ಕುಳಿತವರಿಗೆ ಸುಲಭ, ಅದರ ದಿನಗಳನ್ನು ಎಣಿಸುತ್ತಿರುವವರು ನೀವು.

ಈಗ ಅತ್ತೆಯವರ ವಿಷಯ. ಇವರ ಬಗ್ಗೆ ಪತ್ರದ ಕಡೆಯ ಪುಟದಲ್ಲಿ, ಸಹಿಗಿಂತ ಮುಂಚೆ, ನೀವು ಸುಮ್ಮನೆ ಒಂದು ಸಂಗತಿ ಬರೆದು ಬಿಟ್ಟಿದ್ದೀರಿ. ಮೊದಲನೆಯ ಭಾಗವನ್ನು ಅವರು ಮಧ್ಯಾಹ್ನದ ಹೊತ್ತು ಕನ್ನಡಕ ಹಾಕಿಕೊಂಡು ಮೂರು ಸಲ ಓದಿದ್ದರು. ವಾಟ್ಸ್‌ಆ್ಯಪ್ ಗಲಾಟೆಯಾದ ದಿನ ಯಾರ ಪರವಾಗಿಯೂ ಮಾತಾಡಲಿಲ್ಲ. ಅಂದು ರಾತ್ರಿ ಎಲ್ಲರೂ ಮಲಗಿದ ಮೇಲೆ, ಹಾಲಿಗೆ ಹೆಪ್ಪು ಹಾಕುತ್ತ, ನಿಮ್ಮ ಕಡೆ ನೋಡದೆಯೇ ಕೇಳಿದರು: “ಆಕಿ ಕಡೀಕ ಏನ್ ಮಾಡತಾಳವಾ?”

ನಲವತ್ತೈದು ವರ್ಷಗಳ ಹಿಂದೆ ಅದೇ ವಾಡೆಗೆ ಸೊಸೆಯಾಗಿ ಬಂದು, ಅದೇ ಒಲೆಯ ಮಗ್ಗುಲಲ್ಲಿ ಊಟ ಮಾಡಿದ ಹೆಣ್ಣುಮಗಳು ಈ ಪ್ರಶ್ನೆ ಕೇಳಿದ್ದಾರೆ. ನಿಮ್ಮ ಪ್ರಕಾಶಕರಿಗೆ ಬೇಕಾದದ್ದು ಯುಗಾದಿಯೊಳಗೆ ಒಂದು ಪುಸ್ತಕ. ಆ ಕಥೆ ಹೇಗೆ ಮುಗಿಯುತ್ತದೆ ಎಂದು ತಿಳಿಯಲೇಬೇಕಾದವರು ಇವರು. ಅವರ ಸೆರಗಿನಲ್ಲಿಯೇ ತಿಜೋರಿಯ ಕೀಲಿಕೈ ಇದೆ.

ಆದ್ದರಿಂದ ನಿಮ್ಮ ಮೂರು ಪ್ರಶ್ನೆಗಳಿಗೆ ಇಂದು ಉತ್ತರ ಬೇಡ. ಗುಪ್ತನಾಮ, ತಿದ್ದುಪಡಿ, ಪ್ರಕಾಶಕರ ಗಡುವು ಎಲ್ಲವೂ ಆಮೇಲೆ. ಮಾಡಬೇಕಾದದ್ದು ಒಂದೇ ಕೆಲಸ, ಅದನ್ನು ಪತಿಯ ಮೂಲಕ ಮಾಡಿಸಬೇಡಿ, ಕಾಕಾ ಅವರ ಎದುರು ವಾದಕ್ಕೂ ನಿಲ್ಲಬೇಡಿ. ನಾಳೆ ಮಧ್ಯಾಹ್ನ ಅತ್ತೆಯವರು ಕನ್ನಡಕ ತೆಗೆದುಕೊಂಡು ಕುಳಿತುಕೊಳ್ಳುವ ಹೊತ್ತಿಗೆ ಒಬ್ಬರೇ ಹೋಗಿ ಹತ್ತಿರ ಕುಳಿತು ಹೀಗೆ ಹೇಳಿ: “ಆಕಿ ಕಡೀಕ ಏನ್ ಮಾಡತಾಳ ಅನ್ನೂದು ನನಗೂ ಇನ್ನೂ ಗೊತ್ತಿಲ್ರಿ ಅತ್ತಿ. ಬರದ ಮ್ಯಾಲ ಮೊದಲ ನಿಮಗ ಓದಿ ತೋರಸ್ತೀನಿ. ನನ್ನ ವಹಿ ತಗೀಬೇಕು, ಕೀಲಿಕೈ ಕೊಡ್ರಿ.”