ನಾಲ್ಕನೆಯ ಪುಟದಿಂದ ಶುರುಮಾಡಿ

ನಮಸ್ಕಾರ,

ಹೆಬ್ರಿಯಿಂದ ನೀವು ಕಳುಹಿಸಿದ ‘ಜೇನುರಾಣಿಯ ವೈಭವ’ ಲೇಖನ ಉಡುಪಿಯ ನಮ್ಮ ಕಚೇರಿಗೆ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ, ಕೈಬಿಡಲೂ ಮನಸ್ಸಿಲ್ಲ. ಕಾರಣ, ನಾಲ್ಕನೆಯ ಪುಟದ ಒಂದು ಸಾಲು: ‘ಆರು ಪುಟ್ಟ ಪೆಟ್ಟಿಗೆಗಳಲ್ಲಿ ನಾಲ್ಕರಲ್ಲಿ ಮೊಟ್ಟೆ ಕಂಡಿತು, ಎರಡು ಕೈಕೊಟ್ಟವು.’ ಹೊಸ ರಾಣಿಗಳನ್ನು ಎಬ್ಬಿಸಿ ಪುಟ್ಟ ಪೆಟ್ಟಿಗೆಗಳಲ್ಲಿಟ್ಟ ನಿಮ್ಮ ಕೆಲಸದ ಬಗ್ಗೆ ಇಷ್ಟು ಹೇಳಿ ಜೇನುತುಪ್ಪದ ಔಷಧೀಯ ಗುಣಗಳ ಕಡೆಗೆ ಹೊರಟುಬಿಟ್ಟಿದ್ದೀರಿ. ನಿಮ್ಮ ಲೇಖನ ಇರುವುದೇ ಆ ಸಾಲಿನಲ್ಲಿ.

ಮೊದಲ ಮೂರು ಪುಟಗಳನ್ನು ತೆಗೆಯಿರಿ. ಜೇನು ಪ್ರಕೃತಿಯ ವರ, ಒಗ್ಗಟ್ಟಿಗೆ ಮಾದರಿ ಎಂಬ ಮಾತುಗಳನ್ನು ಪೆಟ್ಟಿಗೆಯ ಮುಚ್ಚಳ ತೆರೆಯದವರೂ ಬರೆಯುತ್ತಾರೆ. ರಾಣಿ ಬೆಳೆಯುವ ಕೋಶವನ್ನು ಜೋಪಾನವಾಗಿ ಕತ್ತರಿಸಿ, ತುದಿ ಕೆಳಮುಖವಾಗಿಯೇ ಇರುವಂತೆ ಹಿಡಿದು, ಕಣಗಳಿರುವ ಇನ್ನೊಂದು ಮೇಣದ ಎರಿಗೆ ಕೂರಿಸಿದ ಕೈ ನಿಮ್ಮದು. ಆ ಕೈ ಬರೆಯಬೇಕು.

ಒಂದು ತಪ್ಪನ್ನು ಮಾತ್ರ ಖಂಡಿತ ತಿದ್ದಲೇಬೇಕು. ಮಿಲನ ಪೆಟ್ಟಿಗೆಯೊಳಗೆ, ಅಂದರೆ ಆ ಪುಟ್ಟ ಪೆಟ್ಟಿಗೆಯೊಳಗೆ, ರಾಣಿಯೂ ಗಂಡುನೊಣವೂ ಕೂಡುತ್ತವೆ ಎಂದು ಬರೆದಿದ್ದೀರಿ. ಇಲ್ಲ. ಪೆಟ್ಟಿಗೆ ರಾಣಿಗೆ ತಂಗುದಾಣ, ಅಷ್ಟೆ. ಕೋಶದಿಂದ ಹೊರಬಂದ ಕೆಲವು ದಿನಗಳ ಮೇಲೆ ಆಕೆ ಮಧ್ಯಾಹ್ನದ ಬಿಸಿಲಿನಲ್ಲಿ ಹಾರಿ, ಆಕಾಶದಲ್ಲೇ ಹಲವು ಗಂಡುನೊಣಗಳೊಂದಿಗೆ ಕೂಡಿ, ಹಿಂದಿರುಗಿ ಮೊಟ್ಟೆ ಇಡುತ್ತಾಳೆ. 18ನೆಯ ಶತಮಾನದಲ್ಲಿ ವಿಯೆನ್ನಾದಲ್ಲಿ ಜೇನುಕೃಷಿ ಕಲಿಸುತ್ತಿದ್ದ ಸ್ಲೊವೇನಿಯಾದ ಆಂಟನ್ ಯಾನ್ಷಾ ಇದನ್ನು ಆಗಲೇ ಗುರುತಿಸಿದ್ದರು. ಮೇ 20 ವಿಶ್ವ ಜೇನು ದಿನವಾಗಿರುವುದು ಅವರ ನೆನಪಿಗಾಗಿಯೇ.

ಇದನ್ನು ತಿದ್ದಿದರೆ ಲೇಖನಕ್ಕೆ ತಾನಾಗಿ ಉಸಿರು ಬರುತ್ತದೆ. ಹಾರಿದವಳು ಹಿಂದಿರುಗುವಳೇ? ಜೇನುನೊಣ ಹಿಡಿದು ತಿನ್ನುವ ಕಳ್ಳಿಪೀರ ಹಕ್ಕಿ ತಂತಿಯ ಮೇಲೆ ಕಾದು ಕೂತಿರುತ್ತದೆ. ಪೆಟ್ಟಿಗೆಗಳೆಲ್ಲ ಒಂದೇ ಬಣ್ಣದಲ್ಲಿ, ಒಂದೇ ದಿಕ್ಕಿಗೆ ಬಾಗಿಲು ಮಾಡಿ ಸಾಲಾಗಿ ನಿಂತಿದ್ದರೆ ಆಕೆ ದಾರಿ ತಪ್ಪಿ ಪಕ್ಕದ ಪೆಟ್ಟಿಗೆಗೆ ನುಗ್ಗಿ ಸಾಯಬಹುದು. ನಿಮ್ಮ ಪೆಟ್ಟಿಗೆಗಳನ್ನು ಹೇಗೆ ಇಟ್ಟಿದ್ದಿರಿ? ಕೈಕೊಟ್ಟ ಎರಡರಲ್ಲಿ ನಿಜವಾಗಿ ಏನಾಯಿತು? ರಾಣಿ ಕಾಣೆಯಾದಳೇ, ಇರುವೆ ಮುತ್ತಿತೇ, ನೊಣಗಳೇ ಪೆಟ್ಟಿಗೆ ಬಿಟ್ಟು ಹೋದವೇ? ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ತುಡುವೆ ಜೇನು ಸ್ವಲ್ಪ ಕಿರಿಕಿರಿಯಾದರೂ ಗೂಡು ತೊರೆಯುತ್ತದೆ. ಲೋಟದಷ್ಟು ನೊಣಗಳಿರುವ ಪುಟ್ಟ ಪೆಟ್ಟಿಗೆಯಲ್ಲಂತೂ ಆ ಭಯ ಇನ್ನೂ ಹೆಚ್ಚು. ಮೊಟ್ಟೆ ಕಂಡಿತು ಎಂದಿದ್ದೀರಿ. ಹೇಗೆ ಕಂಡಿತು? ಕಣದ ತಳದಲ್ಲಿ ನೆಟ್ಟಗೆ ನಿಂತಿತ್ತೇ, ಮಲಗಿತ್ತೇ? ನಿಂತದ್ದು ಹೊಸದು, ಪೂರ್ತಿ ಮಲಗಿದ್ದು ಮೂರನೆಯ ದಿನದ್ದು. ಒಂದೇ ಕಣದಲ್ಲಿ ಎರಡು ಮೂರು ಮೊಟ್ಟೆಗಳಿದ್ದರೆ ಅವು ಬಹುಶಃ ರಾಣಿಯವಲ್ಲ, ಕೆಲಸಗಾರ ನೊಣಗಳು ಇಟ್ಟವು. ಓದುಗರಿಗೆ ನೀವು ಎರಿಯನ್ನು ಬಿಸಿಲಿಗೆ ಹಿಡಿದು ಬಗ್ಗಿ ನೋಡಿದ ಆ ಕ್ಷಣ ಬೇಕು.

ಗಂಡುನೊಣಗಳ ಬಗ್ಗೆ ಅರ್ಧ ವಾಕ್ಯವಿದೆ, ಅದೂ ‘ಸೋಮಾರಿಗಳು’ ಎಂದು. ಇದು ನನಗೆ ಬೇಸರ ತಂದಿತು. ರಾಣಿ ಮೊಟ್ಟೆಯಿಂದ ಹೊರಬರಲು ಸುಮಾರು 16 ದಿನ ಸಾಕು. ಗಂಡುನೊಣಕ್ಕೆ ಅದಕ್ಕಿಂತ ವಾರ ಹೆಚ್ಚು, ಮೈ ಬಲಿಯಲು ಮತ್ತಷ್ಟು ದಿನ. ಅವು ಮೊದಲೇ ಸಿದ್ಧವಿಲ್ಲದಿದ್ದರೆ ನೀವು ಎಬ್ಬಿಸಿದ ರಾಣಿ ಬಂಜೆ. ತುಡುವೆಯ ಗಂಡು ಕೋಶದ ಟೋಪಿಯ, ಅಂದರೆ ಮುಚ್ಚಳದ, ನಡುವೆ ಸೂಜಿ ಚುಚ್ಚಿದಷ್ಟು ರಂಧ್ರವಿರುತ್ತದೆ. ರಾಣಿ ಕೋಶ ಕಟ್ಟಿಸುವ ಮುನ್ನ ಆ ಟೋಪಿಗಳಿಗಾಗಿ ಎರಿ ಹುಡುಕಿದಿರಾ? ಹುಡುಕಿದ್ದರೆ ಬರೆಯಿರಿ. ಯಾವ ಜೇನು ಕುಟುಂಬದಿಂದ ರಾಣಿ ಎಬ್ಬಿಸಿದಿರಿ, ಅದನ್ನೇ ಏಕೆ ಆರಿಸಿದಿರಿ ಎಂಬುದೂ ಬೇಕು. 1990ರ ದಶಕದಲ್ಲಿ ಜೇನಿನ ಮರಿಹುಳುಗಳನ್ನು ಕೊಂದ ಥಾಯ್ ಸ್ಯಾಕ್‌ಬ್ರೂಡ್ ರೋಗದಲ್ಲಿ ಪೆಟ್ಟಿಗೆ ಖಾಲಿಯಾದ ಮನೆಗಳು ನಮ್ಮಲ್ಲಿವೆ; ಅವರು ಈ ಭಾಗವನ್ನು ಎರಡೆರಡು ಸಲ ಓದುತ್ತಾರೆ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಅತ್ಯದ್ಭುತ’ ಬಂದಲ್ಲೆಲ್ಲ ಹೊಡೆದುಹಾಕಿ.

ಏಪ್ರಿಲ್ ಕೊನೆಯೊಳಗೆ ತಿದ್ದಿ ಕಳುಹಿಸಿದರೆ ಮೇ 20ರ ಪುಟಕ್ಕೆ ತೆಗೆದುಕೊಳ್ಳುತ್ತೇನೆ. ಎಂಟುನೂರು ಪದ ಸಾಕು. ಕೈಕೊಟ್ಟ ಆ ಎರಡು ಪೆಟ್ಟಿಗೆಗಳ ಚಿತ್ರವಿದ್ದರೆ ಅದನ್ನೂ ಕಳುಹಿಸಿ.